ನೇಪಿಯನ್ ಕ್ಷೇತ್ರದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬಂಧುಗಳೇ,

2025ರ ಏಪ್ರಿಲ್ 28ರ ಕೆನಡಾದ ಸಾರ್ವತ್ರಿಕ ಚುನಾವಣೆ ಮುಗಿದಂದಿನಿಂದ ನಮ್ಮ ಕನ್ನಡ ಕುಟುಂಬಗಳು ಸೇರಿದ ಕಡೆಯಲ್ಲೆಲ್ಲ ಒಂದೇ ಮಾತು ಕೇಳಿಬರುತ್ತಿದೆ: ‘ನಮ್ಮವರಿಗೇ ಟಿಕೆಟ್ ತಪ್ಪಿಸಿದ ಮೇಲೆ ಇಲ್ಲಿಯ ರಾಜಕೀಯದಲ್ಲಿ ನಮಗೇನು ಕೆಲಸ?’ ಲಿಬರಲ್ ಪಕ್ಷ ನಮ್ಮ ಸಂಸದರಾಗಿದ್ದ ಕನ್ನಡಿಗ ಚಂದ್ರ ಆರ್ಯ ಅವರನ್ನು ಕೈಬಿಟ್ಟು, ಪ್ರಧಾನಿ ಮಾರ್ಕ್ ಕಾರ್ನಿ ಅವರನ್ನು ಇಲ್ಲಿ ನಿಲ್ಲಿಸಿದ್ದರಿಂದ ಬಂದ ಮಾತು ಇದು. ಈ ಮಾತಿನ ಹಿಂದಿರುವ ನೋವು ನನ್ನದೂ ಹೌದು. ಆದರೆ ಆ ನೋವಿನಿಂದ ನಾವು ಹೊರಡಿಸುತ್ತಿರುವ ತೀರ್ಮಾನ ತಪ್ಪು. ಒಟ್ಟಾವಾ ನಗರದ ನೈರುತ್ಯಕ್ಕಿರುವ ಈ ನೇಪಿಯನ್ ಕ್ಷೇತ್ರ ಯಾರನ್ನು ಯಾವಾಗ ಆರಿಸಿತು, ಏಕೆ ಆರಿಸಿತು, ಆಯ್ಕೆ ನಿಜವಾಗಿ ನಡೆದದ್ದು ಮತಗಟ್ಟೆಯಲ್ಲೋ ಅದಕ್ಕೂ ಮೊದಲೋ ಎಂಬುದನ್ನು ನೋಡಿದರೆ ನಾವು ದೂರ ಸರಿಯುವುದಕ್ಕಲ್ಲ, ಇನ್ನಷ್ಟು ಒಳಗೆ ಹೋಗುವುದಕ್ಕೆ ಕಾರಣಗಳು ಸಿಗುತ್ತವೆ. ಅದನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ಈ ಪತ್ರ.

2022ರ ಮೇ ತಿಂಗಳಲ್ಲಿ ನಮ್ಮ ಆಗಿನ ಸಂಸದರಾದ ಚಂದ್ರ ಆರ್ಯ ಅವರು ಕೆನಡಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದಿಂದ ಬಂದವನು ನಾನು ಎಂದು ಅವರು ಹೇಳಿಕೊಂಡ ಆ ಚಿಕ್ಕ ವಿಡಿಯೊ ಕರ್ನಾಟಕದ ಮೂಲೆಮೂಲೆಯ ಮೊಬೈಲುಗಳನ್ನು ತಲುಪಿತು. ನಮ್ಮೆಲ್ಲರಿಗೂ ಊರಿನಿಂದ ಕರೆಗಳು ಬಂದವು. ಇಲ್ಲಿ ಹುಟ್ಟಿ ಬೆಳೆದ, ಕನ್ನಡ ಮಾತನಾಡಲು ಹಿಂಜರಿಯುವ ನಮ್ಮ ಮಕ್ಕಳೂ ಅದನ್ನು ಎರಡೆರಡು ಸಲ ನೋಡಿದರು. ಆ ಸಂತೋಷವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಆ ದಿನದಿಂದ ಊರಿನವರ ಕಣ್ಣಿಗೆ ನೇಪಿಯನ್ ಎಂದರೆ ‘ಕನ್ನಡಿಗರ ಕ್ಷೇತ್ರ’ ಎಂಬಂತಾಯಿತು, ಮೆಲ್ಲನೆ ನಮಗೂ ಹಾಗೆಯೇ ಅನ್ನಿಸತೊಡಗಿತು. ವಾಸ್ತವ ಬೇರೆ. ಇಲ್ಲಿ ಕನ್ನಡಿಗರ ಮತಗಳಿಂದ ಯಾರೂ ಗೆಲ್ಲಲಾರರು, ಸೋಲಲೂ ಆರರು. ನಮ್ಮ ಸಂಖ್ಯೆ ಅಷ್ಟಿಲ್ಲ. ಆರ್ಯ ಅವರು 2015ರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದು, 2019 ಮತ್ತು 2021ರಲ್ಲಿ ಸುಮಾರು ಶೇಕಡಾ 45ರಷ್ಟು ಮತ ಪಡೆದು ಗೆದ್ದದ್ದು ಸರ್ಕಾರಿ ನೌಕರರು, ಸಾಫ್ಟ್‌ವೇರ್ ಎಂಜಿನಿಯರುಗಳು, ನಿವೃತ್ತ ಸೈನಿಕರು, ಚೀನೀ, ಅರಬ್, ಪಂಜಾಬಿ, ತಮಿಳು ಮನೆಗಳು, ತಲೆಮಾರುಗಳಿಂದ ಇಲ್ಲಿಯೇ ಇರುವ ಇಂಗ್ಲಿಷ್ ಮತ್ತು ಫ್ರೆಂಚ್ ಮಾತಿನ ಕುಟುಂಬಗಳು, ಇವರೆಲ್ಲರ ಬೆಂಬಲದಿಂದ. 2006ರಲ್ಲಿ ಈ ದೇಶಕ್ಕೆ ಬಂದ ಒಬ್ಬರು ಒಂಬತ್ತೇ ವರ್ಷಗಳಲ್ಲಿ ಅಷ್ಟು ಬಗೆಯ ಜನರ ವಿಶ್ವಾಸ ಗಳಿಸಿದರು ಎಂಬುದೇ ನಾವು ನಿಜವಾಗಿ ಹೆಮ್ಮೆಪಡಬೇಕಾದ ಸಂಗತಿ.

ಈ ಕ್ಷೇತ್ರದ ಹೆಸರಿಗೆ ಮೂಲವಾದ ಸರ್ ಇವಾನ್ ನೇಪಿಯನ್ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದವರು. ಅವರೇ 1812ರಿಂದ 1819ರವರೆಗೆ ಮುಂಬಯಿಯ ಗವರ್ನರ್ ಆಗಿದ್ದರು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಲಾರದು. 1792ರಲ್ಲಿ ರಚನೆಯಾದ ನೇಪಿಯನ್ ಟೌನ್‌ಶಿಪ್ 1978ರಲ್ಲಿ ನಗರವಾಯಿತು, 2001ರ ಜನವರಿ 1ರಂದು ಒಟ್ಟಾವಾದೊಳಗೆ ವಿಲೀನವಾಯಿತು. ಇಂದು ಕ್ಷೇತ್ರದ ಬಹುಪಾಲು ಜನ ವಾಸಿಸುವ ಬಾರ್‌ಹೇವನ್ 1960ರ ದಶಕದವರೆಗೂ ಹೊಲಗದ್ದೆಗಳ ಪ್ರದೇಶ. ಹಳ್ಳಿ ಉಪನಗರವಾದಂತೆ ಮತದ ಸ್ವಭಾವವೂ ಬದಲಾಯಿತು.

ಮೊದಲಿಗೆ ಇದು ಕಾರ್ಲ್‌ಟನ್ ಕೌಂಟಿಯ ಭಾಗ, ಕಾರ್ಲ್‌ಟನ್ ಕನ್ಸರ್ವೇಟಿವ್ ಪಕ್ಷದ ಗಟ್ಟಿ ನೆಲ. ಎಷ್ಟು ಗಟ್ಟಿಯೆಂದರೆ, 1948ರಲ್ಲಿ ಆಂಟೇರಿಯೊ ಪ್ರಾಂತ್ಯದ ಪ್ರಧಾನಿಯಾಗಿದ್ದ ಜಾರ್ಜ್ ಡ್ರೂ ಅವರನ್ನು ಆಗ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಎಂಬ ಹೆಸರಿದ್ದ ಆ ಪಕ್ಷ ತನ್ನ ರಾಷ್ಟ್ರೀಯ ನಾಯಕನನ್ನಾಗಿ ಆರಿಸಿದಾಗ, ಅವರಿಗೆ ಸಂಸತ್ತಿನಲ್ಲಿ ಒಂದು ಸ್ಥಾನ ಬೇಕಾದಾಗ, ಕಾರ್ಲ್‌ಟನ್‌ನ ಸದಸ್ಯ ರಸೆಲ್ ಬೌಷರ್ ರಾಜೀನಾಮೆ ಕೊಟ್ಟು ದಾರಿ ಬಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಎದುರಾಳಿಯಾಗಿ ನಿಂತವರು ಸಿಸಿಎಫ್ ಎಂಬ ಸಮಾಜವಾದಿ ಪಕ್ಷದ ಯೂಜೀನ್ ಫೋರ್ಸಿ, ಕೆನಡಾದ ಸಂವಿಧಾನವನ್ನು ಅರೆದು ಕುಡಿದಿದ್ದ ವಿದ್ವಾಂಸರು. ಡ್ರೂ ಸುಲಭವಾಗಿ ಗೆದ್ದರು. ಅಂದರೆ ಪಕ್ಷದ ನಾಯಕನೊಬ್ಬ ಈ ಸೀಮೆಗೆ ಬಂದು ನಿಂತದ್ದು 2025ರಲ್ಲಿ ಮೊದಲ ಸಲವೇನಲ್ಲ.

ಇದು ನಮ್ಮ ಊರಿನವರಿಗೆ ಹೊಸ ಕಥೆಯೂ ಅಲ್ಲ. 1978ರಲ್ಲಿ ಡಿ. ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಇಂದಿರಾ ಗಾಂಧಿಯವರಿಗೆ ದಾರಿ ಮಾಡಿಕೊಟ್ಟರು. ವೀರೇಂದ್ರ ಪಾಟೀಲರಂಥ ಹಿರಿಯರನ್ನು ಸೋಲಿಸಿ ಇಂದಿರಾ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ಗಳಿಂದ ಸ್ಪರ್ಧಿಸಿದರು. 1999ರಲ್ಲಿ ಬಳ್ಳಾರಿಯ ಜನ ಸುಷ್ಮಾ ಸ್ವರಾಜರನ್ನು ಸೋಲಿಸಿ ಸೋನಿಯಾ ಗಾಂಧಿಯವರನ್ನು ಆರಿಸಿದರು, ಅವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ದೊಡ್ಡ ನಾಯಕರು ಬಂದಾಗ ಕ್ಷೇತ್ರದ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತದೆ. ಆದರೆ ಅವರು ಹೋದ ಮೇಲೂ ಅಲ್ಲಿನ ರಸ್ತೆ, ನೀರು, ಬೆಳೆಯ ಪ್ರಶ್ನೆಗಳು ಅಲ್ಲಿಯೇ ಇರುತ್ತವೆ, ಅವುಗಳನ್ನು ಕೇಳಬೇಕಾದವರೂ ಅಲ್ಲಿಯ ಜನರೇ. ಚಿಕ್ಕಮಗಳೂರು, ಬಳ್ಳಾರಿಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಮರಳೋಣ. 1979ರಲ್ಲಿ ನೇಪಿಯನ್–ಕಾರ್ಲ್‌ಟನ್ ಎಂಬ ಹೆಸರಿನ ಕ್ಷೇತ್ರ ಮೊದಲ ಬಾರಿಗೆ ಮತ ಹಾಕಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್ ಅವರನ್ನು ಆರಿಸಿತು. ಬಾರ್‌ಹೇವನ್‌ನಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮಲ್ಲಿ ಈ ಹೆಸರು ಕೇಳದವರಿಲ್ಲ. ನಮ್ಮ ಮಕ್ಕಳು ಈಜು ಕಲಿತದ್ದು, ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಗೋಡೆ ಹಿಡಿದು ಮೊದಲ ಹೆಜ್ಜೆ ಇಟ್ಟದ್ದು ವಾಲ್ಟರ್ ಬೇಕರ್ ಸೆಂಟರಿನಲ್ಲಿಯೇ. ಆದರೆ ಆ ಬೇಕರ್ ಯಾರೆಂದು ನಾವು ಕೇಳಿಕೊಂಡದ್ದು ಕಡಿಮೆ. ಅವರು ಅದೇ ಪಕ್ಷದ ಪ್ರಧಾನಿ ಜೋ ಕ್ಲಾರ್ಕ್ ಸರ್ಕಾರದಲ್ಲಿ ಸಚಿವರು ಮತ್ತು ಸದನದಲ್ಲಿ ಸರ್ಕಾರದ ಕಲಾಪಗಳ ನಾಯಕರು. 1979ರ ಡಿಸೆಂಬರಿನಲ್ಲಿ ಬಜೆಟ್ ಮೇಲಿನ ಮತದಾನದಲ್ಲಿ 139 ವಿರುದ್ಧ 133 ಮತಗಳಿಂದ ಆ ಸರ್ಕಾರ ಉರುಳಿತು. 1980ರ ಚುನಾವಣೆಯಲ್ಲಿ ದೇಶ ಲಿಬರಲ್ ಪಕ್ಷದ ಪಿಯೆರ್ ಟ್ರೂಡೊ ಅವರನ್ನು ಮರಳಿ ತಂದರೂ ಈ ಕ್ಷೇತ್ರ ಬೇಕರ್ ಅವರನ್ನು ಕೈಬಿಡಲಿಲ್ಲ. ಅವರು 1983ರಲ್ಲಿ ತೀರಿಕೊಂಡರು, 1984ರಲ್ಲಿ ಅದೇ ಪಕ್ಷದ ಬಿಲ್ ಟಪ್ಪರ್ ಗೆದ್ದರು.

1988ರಲ್ಲಿ ಗಡಿ ಬದಲಾಗಿ ನೇಪಿಯನ್ ಒಂದೇ ಹೆಸರಿನ ಕ್ಷೇತ್ರವಾಯಿತು, ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಗೆದ್ದರು. ದೇಶದಲ್ಲಿ ಕನ್ಸರ್ವೇಟಿವರು ಬಹುಮತ ಪಡೆದ ಚುನಾವಣೆ ಅದು. ಕನ್ಸರ್ವೇಟಿವ್ ನೆಲವೆಂದು ಹೆಸರಾಗಿದ್ದ ಜಾಗದಲ್ಲಿ ಲಿಬರಲ್ ಮಹಿಳೆಯೊಬ್ಬರು ಗೆದ್ದರು. ರಿಡೋ ನದಿಯ ದಂಡೆಯಲ್ಲಿ ಅವರ ಹೆಸರಿನ ಉದ್ಯಾನವಿದೆ. 1997ರಲ್ಲಿ ಮತ್ತೆ ಗಡಿ ಬದಲಾಗಿ ನೇಪಿಯನ್–ಕಾರ್ಲ್‌ಟನ್ ಎಂಬ ಹಳೆಯ ಹೆಸರು ಬಂದಿತು, ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್ ಅಲ್ಲಿಂದ ಎರಡು ಬಾರಿ ಆಯ್ಕೆಯಾದರು. ಆ ವರ್ಷಗಳಲ್ಲಿ ಬಲಪಂಥದ ಮತ ರಿಫಾರ್ಮ್ ಪಕ್ಷ, ನಂತರ ಕೆನಡಿಯನ್ ಅಲಯನ್ಸ್ ಒಂದು ಕಡೆ, ಹಳೆಯ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಇನ್ನೊಂದು ಕಡೆ ಎಂದು ಒಡೆದುಹೋಗಿತ್ತು. 2003ರ ಡಿಸೆಂಬರಿನಲ್ಲಿ ಅಲಯನ್ಸ್ ಮತ್ತು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಒಂದಾಗಿ ಈಗಿನ ಕನ್ಸರ್ವೇಟಿವ್ ಪಕ್ಷ ಹುಟ್ಟಿತು. 2004ರ ಜೂನ್ 28ರಂದು, ರಕ್ಷಣಾ ಸಚಿವರಾಗಿದ್ದ ಪ್ರ್ಯಾಟ್ ಅವರನ್ನು ಆಗಷ್ಟೇ 25 ತುಂಬಿದ್ದ ಯುವಕನೊಬ್ಬ ಸೋಲಿಸಿದ. ಅವರೇ ಕನ್ಸರ್ವೇಟಿವ್ ಪಕ್ಷದ ಪಿಯೆರ್ ಪೊಲಿಯೆವ್. ಮುಂದೆ 2006, 2008, 2011ರಲ್ಲಿಯೂ ಅವರೇ ಗೆದ್ದರು. ನಮ್ಮಲ್ಲಿ ಹಿರಿಯರಾದ ಹಲವರು ಪೌರತ್ವ ಪಡೆದು ಮೊದಲ ಬಾರಿಗೆ ಮತ ಹಾಕಿದ್ದು ಆ ವರ್ಷಗಳಲ್ಲಿ, ಪೊಲಿಯೆವ್ ಅವರಿಗೆ ಹಾಕಿದವರೂ ಇದ್ದಾರೆ, ವಿರುದ್ಧ ಹಾಕಿದವರೂ ಇದ್ದಾರೆ.

ಕೆನಡಾದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಪ್ರತಿ ಪ್ರಾಂತ್ಯಕ್ಕೂ ಮೂವರು ಸದಸ್ಯರ ಸ್ವತಂತ್ರ ಆಯೋಗ ಗಡಿಗಳನ್ನು ಮರುರೂಪಿಸುತ್ತದೆ. ಅದಕ್ಕೆ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. 1964ರಿಂದ ನಡೆದು ಬಂದ ಪದ್ಧತಿ ಇದು. ಅದರಂತೆ 2013ರಲ್ಲಿ ಸ್ಥಾನಗಳ ಸಂಖ್ಯೆ 308ರಿಂದ 338ಕ್ಕೆ ಏರಿದಾಗ ನೇಪಿಯನ್–ಕಾರ್ಲ್‌ಟನ್ ಒಡೆಯಿತು. ಪೊಲಿಯೆವ್ ಹಳ್ಳಿಗಾಡು ಹೆಚ್ಚಿದ್ದ ಕಾರ್ಲ್‌ಟನ್ ಕಡೆ ಹೋದರು, ಉಪನಗರದ ನೇಪಿಯನ್ ಹೊಸ ಕ್ಷೇತ್ರವಾಗಿ 2015ರಲ್ಲಿ ಮತ ಹಾಕಿತು. ಖಾಲಿ ಇದ್ದ ಆ ಕ್ಷೇತ್ರದಲ್ಲಿ ಹೊಸಬರಿಗೆ ಅವಕಾಶ ತೆರೆದದ್ದು ಗಡಿಯ ಆ ಗೆರೆಯಿಂದಲೂ ಹೌದು ಎಂಬುದನ್ನು ನಾವು ಮರೆಯಬಾರದು. ಗಡಿ ಆಯೋಗ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ, ಯಾರು ಬೇಕಾದರೂ ಬರೆದು ತಿಳಿಸಬಹುದು. ಸ್ಥಾನಗಳನ್ನು 343ಕ್ಕೆ ಏರಿಸಿದ ಕಳೆದ ಸುತ್ತಿನಲ್ಲಿ ನಮ್ಮ ಕನ್ನಡ ಬಳಗದಲ್ಲಿ ಅದರ ಸುದ್ದಿ ಎತ್ತಿದವರನ್ನು ನಾನು ಕಾಣಲಿಲ್ಲ.

ಇನ್ನು 2025ರ ವಿಷಯ. ಜನವರಿಯಲ್ಲಿ ಆರ್ಯ ಅವರು ಲಿಬರಲ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸುವುದಾಗಿ ಘೋಷಿಸಿದರು. ಪಕ್ಷ ಅವರಿಗೆ ಸ್ಪರ್ಧೆಯ ಅನುಮತಿ ಕೊಡಲಿಲ್ಲ. ಮಾರ್ಚ್ 9ರಂದು ಮಾರ್ಕ್ ಕಾರ್ನಿ ನಾಯಕರಾದರು, 14ರಂದು ಸಂಸತ್ತಿನ ಸದಸ್ಯರಲ್ಲದೆಯೇ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮಾರ್ಚ್ 20ರಂದು ನೇಪಿಯನ್‌ನಲ್ಲಿ ಆರ್ಯ ಅವರ ಉಮೇದುವಾರಿಕೆಯನ್ನು ಪಕ್ಷ ಹಿಂತೆಗೆದುಕೊಂಡಿತು. ಹೊಸ ಮಾಹಿತಿ ಬಂದಿದೆ ಎಂಬುದರ ಆಚೆಗೆ ಪತ್ರದಲ್ಲಿ ವಿವರಣೆ ಇರಲಿಲ್ಲ. ಎರಡು ದಿನಗಳ ನಂತರ ಅದೇ ಕ್ಷೇತ್ರದಿಂದ ಪ್ರಧಾನಿ ಕಾರ್ನಿ ಸ್ಪರ್ಧಿಸುವುದಾಗಿ ಪ್ರಕಟಣೆ ಬಂದಿತು, ಮರುದಿನ ಚುನಾವಣೆ ಘೋಷಣೆಯಾಯಿತು. ಫಲಿತಾಂಶ ನಿಮಗೆ ಗೊತ್ತಿದೆ: ಕಾರ್ನಿಯವರಿಗೆ ಶೇಕಡಾ 60ಕ್ಕೂ ಹೆಚ್ಚು ಮತ, ಕನ್ಸರ್ವೇಟಿವ್ ಪಕ್ಷದ ಬಾರ್ಬರಾ ಬಾಲ್ ಅವರಿಗೆ ಸುಮಾರು ಮೂರನೇ ಒಂದು ಪಾಲು, ಎಡಪಂಥದ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ (ಎನ್‌ಡಿಪಿ) ಹಿಂದಿನ ಚುನಾವಣೆಗಳಲ್ಲಿ ಬರುತ್ತಿದ್ದ ಮತ ಬಹುಮಟ್ಟಿಗೆ ಕರಗಿಹೋಯಿತು. ಪಕ್ಕದ ಕಾರ್ಲ್‌ಟನ್‌ನಲ್ಲಿ ವಿರೋಧ ಪಕ್ಷದ ನಾಯಕ ಪೊಲಿಯೆವ್ ಅವರೇ ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಎದುರು ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಚುನಾವಣಾ ಸುಧಾರಣೆಗಾಗಿ ಪ್ರತಿಭಟಿಸುವ ಗುಂಪೊಂದು ಹೆಸರುಗಳನ್ನು ತುಂಬಿಸಿದ್ದರಿಂದ ಕಣದಲ್ಲಿ 91 ಅಭ್ಯರ್ಥಿಗಳಿದ್ದರು. ಕಾರ್ಲ್‌ಟನ್‌ನಲ್ಲಿರುವ ನಮ್ಮ ಸ್ನೇಹಿತರು ಮಾರುದ್ದದ ಆ ಮತಪತ್ರವನ್ನು ಬಿಡಿಸಿ, ತಮಗೆ ಬೇಕಾದ ಹೆಸರು ಹುಡುಕಿ, ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕಬೇಕಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯನ್ನು ಪ್ರತಿನಿಧಿಸಿದ ನಾಯಕನನ್ನೂ ಮತದಾರರು ಮನೆಗೆ ಕಳುಹಿಸಿದರು. ಆಗಸ್ಟಿನಲ್ಲಿ ಅವರು ಸಂಸತ್ತಿಗೆ ಮರಳಿದ್ದು ಆಲ್ಬರ್ಟಾದ ಬ್ಯಾಟಲ್ ರಿವರ್–ಕ್ರೋಫುಟ್‌ನಲ್ಲಿ ಅಲ್ಲಿಯ ಸದಸ್ಯ ಡೇಮಿಯನ್ ಕ್ಯೂರೆಕ್ ರಾಜೀನಾಮೆ ಕೊಟ್ಟು ತೆರವು ಮಾಡಿದ ಸ್ಥಾನದಿಂದ.

ಈ ಇಡೀ ಇತಿಹಾಸದಲ್ಲಿ ನನಗೆ ಎದ್ದು ಕಾಣುವುದು ಒಂದು ಅಂಶ. ರಕ್ಷಣಾ ಸಚಿವರನ್ನು, ವಿರೋಧ ಪಕ್ಷದ ನಾಯಕರನ್ನು ಸೋಲಿಸುವ ಧೈರ್ಯ ಇಲ್ಲಿಯ ಮತದಾರರಿಗೆ ಇದ್ದೇ ಇದೆ. ಆದರೆ ಅವರ ಕೈಗೆ ಮತಪತ್ರ ಬರುವ ಹೊತ್ತಿಗೆ ಯಾರ ಹೆಸರು ಅದರಲ್ಲಿರಬೇಕು, ಯಾರದು ಇರಬಾರದು ಎಂಬ ತೀರ್ಮಾನ ಆಗಿಹೋಗಿರುತ್ತದೆ. ಊರಿನಲ್ಲಿ ನಾವು ಹೈಕಮಾಂಡ್, ಬಿ ಫಾರಂ ಎಂದು ಮಾತನಾಡುತ್ತಿದ್ದದ್ದು ಇಲ್ಲಿಯೂ ಇದೆ, ಕಾನೂನಿನಲ್ಲಿಯೇ ಇದೆ. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ಪಕ್ಷದ ಹೆಸರು ಅಚ್ಚಾಗಬೇಕಾದರೆ ಪಕ್ಷದ ಒಪ್ಪಿಗೆಯ ಸಹಿ ಬೇಕು ಎಂಬ ನಿಯಮ 1970ರ ತಿದ್ದುಪಡಿಯಿಂದ ಬಂದದ್ದು. ಮೊದಲು ಆ ಸಹಿ ನಾಯಕರದ್ದೇ ಆಗಿರಬೇಕಿತ್ತು, ನಂತರದ ಸುಧಾರಣೆಯಿಂದ ಪಕ್ಷ ಗೊತ್ತುಮಾಡಿದ ವ್ಯಕ್ತಿಯದ್ದಾದರೂ ಸಾಕು ಎಂದಾಯಿತು. ಅಧಿಕಾರ ಮಾತ್ರ ಪಕ್ಷದ ಕೇಂದ್ರ ಕಚೇರಿಯಲ್ಲಿಯೇ ಉಳಿದಿದೆ. ಚುನಾವಣಾ ಕಾಯ್ದೆ ಅಭ್ಯರ್ಥಿ ಆಯ್ಕೆಯ ಸ್ಪರ್ಧೆಯ ಹಣಕಾಸನ್ನು ನಿಯಂತ್ರಿಸುತ್ತದೆಯೇ ಹೊರತು, ಯಾರನ್ನು ಏಕೆ ತಡೆಯಬಹುದು, ತಡೆದರೆ ಕಾರಣ ಕೊಡಬೇಕೇ ಎಂಬುದರ ಬಗ್ಗೆ ಮೌನವಾಗಿದೆ. ಆದ್ದರಿಂದ ಮಾರ್ಚ್ 20ರಂದು ನಡೆದದ್ದು ಕಾನೂನುಬಾಹಿರವಲ್ಲ. ನನ್ನ ಆಕ್ಷೇಪ ಇರುವುದು ಆ ಮೌನದ ಬಗ್ಗೆ.

ಇಲ್ಲಿ ನಾನು ಬಹಳ ಎಚ್ಚರದಿಂದ ಬರೆಯಬೇಕು, ನೀವೂ ಎಚ್ಚರದಿಂದ ಓದಬೇಕೆಂದು ಕೋರುತ್ತೇನೆ. ನ್ಯಾಯಮೂರ್ತಿ ಮರಿ-ಜೋಸೆ ಹೋಗ್ ಅವರ ಆಯೋಗವು ಕೆನಡಾದ ಚುನಾವಣೆಗಳಲ್ಲಿ ವಿದೇಶೀ ಹಸ್ತಕ್ಷೇಪದ ಬಗ್ಗೆ ವಿಚಾರಣೆ ನಡೆಸಿ 2025ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಪಕ್ಷಗಳ ಅಭ್ಯರ್ಥಿ ಆಯ್ಕೆಯ ಹಂತವೇ ಹಸ್ತಕ್ಷೇಪಕ್ಕೆ ಸುಲಭವಾಗಿ ತೆರೆದುಕೊಳ್ಳುವ ಬಾಗಿಲು ಎಂದು ಆಯೋಗ ಗುರುತಿಸಿತು. ಹಸ್ತಕ್ಷೇಪ ನಡೆಸುವ ದೇಶಗಳಲ್ಲಿ ಚೀನಾದ ನಂತರ ಭಾರತವನ್ನು ಹೆಸರಿಸಿತು. ಆರ್ಯ ಅವರ ಭಾರತ ಪ್ರವಾಸವನ್ನು ಈ ಹಿನ್ನೆಲೆಯಲ್ಲಿಟ್ಟು ಪತ್ರಿಕೆಗಳು ಬರೆದವು, ಆರೋಪಗಳನ್ನು ಆರ್ಯ ಅವರು ನಿರಾಕರಿಸಿದರು. ಇದರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಸ್ಥಾನದಲ್ಲಿ ನಾನಿಲ್ಲ, ನೀವೂ ಇಲ್ಲ. ನಮ್ಮವರು ಎಂಬ ಕಾರಣಕ್ಕೆ ನಾವು ಆರೋಪವನ್ನು ತಳ್ಳಿಹಾಕಬಾರದು. ಹೊರದೇಶದ ಸರ್ಕಾರವೊಂದು ನಮ್ಮ ಮತಪತ್ರದ ಮೇಲೆ ಕೈಯಿಡುವುದಾದರೆ ಅದು ಕೆನಡಾದ ನಾಗರಿಕರಾದ ನಮಗೇ ಮೊದಲು ಅನ್ಯಾಯ.

ಆದರೆ ಕಾರಣ ಹೇಳದೆ ಒಬ್ಬರನ್ನು ಕೈಬಿಟ್ಟಾಗ ಏನಾಗುತ್ತದೆ ನೋಡಿ. ಆ ವ್ಯಕ್ತಿ ತಪ್ಪು ಮಾಡಿದ್ದರೆ ಮತದಾರರಿಗೆ ಅದು ತಿಳಿಯುವುದಿಲ್ಲ. ಮಾಡಿರದಿದ್ದರೆ ಅವರ ಹೆಸರು ಸ್ವಚ್ಛವಾಗುವುದಿಲ್ಲ. ಎರಡೂ ಸಂದರ್ಭದಲ್ಲಿ ಉಳಿಯುವುದು ಅನುಮಾನ. ಆ ಅನುಮಾನ ಒಬ್ಬರ ಮೇಲೆ ಮಾತ್ರ ನಿಲ್ಲದೆ ವರ್ಷಕ್ಕೊಮ್ಮೆ ತಂದೆತಾಯಿಯರನ್ನು ನೋಡಲು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವ, ದೂತಾವಾಸದ ಗಣರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯ ಮಾಡಿಸುವ, ದೇವಸ್ಥಾನದ ಸಮಿತಿಯಲ್ಲಿರುವ ಪ್ರತಿಯೊಬ್ಬರ ಮೇಲೆ ಹರಡುತ್ತದೆ. ನಾಳೆ ನಮ್ಮ ಮಕ್ಕಳಲ್ಲಿ ಯಾರಾದರೂ ಸ್ಪರ್ಧಿಸಬೇಕೆಂದು ಹೊರಟರೆ, ಯಾವ ನಡೆ ಒಪ್ಪಿಗೆ, ಯಾವುದು ಆಕ್ಷೇಪಾರ್ಹ ಎಂದು ಅವರಿಗೆ ಹೇಗೆ ತಿಳಿಯಬೇಕು? ಗುಪ್ತಚರ ಮಾಹಿತಿಯನ್ನು ಬಹಿರಂಗಪಡಿಸಿ ಎಂದು ನಾನು ಕೇಳುತ್ತಿಲ್ಲ. ಅಭ್ಯರ್ಥಿತನವನ್ನು ರದ್ದುಪಡಿಸುವಾಗ ಯಾವ ವರ್ಗದ ಕಾರಣಕ್ಕಾಗಿ ರದ್ದುಪಡಿಸಲಾಯಿತು ಎಂಬ ಲಿಖಿತ ಹೇಳಿಕೆ, ಮೇಲ್ಮನವಿಗೆ ಒಂದು ದಾರಿ, ಹಾಗೂ ಸಮಯವಿದ್ದಲ್ಲಿ ಸ್ಥಳೀಯ ಸದಸ್ಯರಿಂದ ಹೊಸ ಅಭ್ಯರ್ಥಿಯ ಆಯ್ಕೆ, ಇಷ್ಟನ್ನು ಎಲ್ಲ ಪಕ್ಷಗಳೂ ತಮ್ಮ ನಿಯಮಾವಳಿಯಲ್ಲಿ ಬರೆದು ಪ್ರಕಟಿಸಬೇಕು ಎಂಬುದು ನನ್ನ ಬೇಡಿಕೆ. ಜಾರ್ಜ್ ಡ್ರೂ ಅವರಿಗೆ ಬೌಷರ್ ಸ್ಥಾನ ಬಿಟ್ಟುಕೊಟ್ಟಾಗ, ಇಂದಿರಾ ಅವರಿಗೆ ಚಂದ್ರೇಗೌಡರು ಬಿಟ್ಟುಕೊಟ್ಟಾಗ ಕಾರಣ ಎಲ್ಲರಿಗೂ ಕಾಣುವಂತಿತ್ತು, ಅದನ್ನು ಒಪ್ಪುವ ಅಥವಾ ಒಪ್ಪದಿರುವ ಅವಕಾಶ ಮತದಾರರಿಗಿತ್ತು. ನೇಪಿಯನ್‌ನ ಮತದಾರರಿಗೆ ಆ ಅವಕಾಶ ಸಿಗಲಿಲ್ಲ, ಮತ ಯಾರಿಗೇ ಹಾಕಿರಲಿ.

ಈ ಬೇಡಿಕೆಯನ್ನು ಹೊರಗೆ ನಿಂತು ಕೂಗಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಪ್ರತಿ ಪಕ್ಷಕ್ಕೂ ನಮ್ಮ ರೈಡಿಂಗ್‌ನಲ್ಲಿ, ಅಂದರೆ ಕ್ಷೇತ್ರದಲ್ಲಿ, ಒಂದು ಸ್ಥಳೀಯ ಸಂಘವಿದೆ. ಅದರ ವಾರ್ಷಿಕ ಸಭೆಗೆ ಬರುವವರು ಕೆಲವೇ ಮಂದಿ. ಸಮುದಾಯ ಭವನದ ಒಂದು ಕೋಣೆಯಲ್ಲಿ ಮಡಿಸುವ ಕುರ್ಚಿಗಳನ್ನು ಹಾಕಿಕೊಂಡು, ಟಿಮ್ ಹಾರ್ಟನ್ಸ್ ಕಾಫಿ ಮುಂದಿಟ್ಟುಕೊಂಡು, ಪದಾಧಿಕಾರಿಗಳನ್ನೂ ಪಕ್ಷದ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳನ್ನೂ ಅವರೇ ಆರಿಸುತ್ತಾರೆ. ಪಕ್ಷದ ನಿಯಮಾವಳಿಗೆ ತಿದ್ದುಪಡಿ ತರುವ ಠರಾವುಗಳು ಹುಟ್ಟುವುದೂ ಇಂಥ ಕೋಣೆಗಳಲ್ಲಿಯೇ. ಲಿಬರಲ್ ಪಕ್ಷದಲ್ಲಿ ನೋಂದಣಿಗೆ 2016ರಿಂದ ಶುಲ್ಕವಿಲ್ಲ, ಕನ್ಸರ್ವೇಟಿವ್ ಪಕ್ಷದಲ್ಲಿ ವರ್ಷಕ್ಕೆ ಸಣ್ಣ ಶುಲ್ಕವಿದೆ. ಸಂಸತ್ ಚುನಾವಣೆಯಲ್ಲಿ ಮತ ಹಾಕಲು 18 ತುಂಬಿದ ನಾಗರಿಕರಾಗಿರಬೇಕು. ಆದರೆ ಈ ಎರಡೂ ಪಕ್ಷಗಳಿಗೆ ಸೇರಲು 14 ತುಂಬಿದ್ದರೆ ಸಾಕು, ಪೌರತ್ವ ಇನ್ನೂ ಬಾರದ ಖಾಯಂ ನಿವಾಸಿಗಳೂ ಸೇರಬಹುದು. ನಾಗರಿಕರಾಗಲು ಕಾಯುತ್ತಿರುವ ನಮ್ಮ ಎಷ್ಟೋ ಕುಟುಂಬಗಳು ತಮಗೆ ರಾಜಕೀಯದಲ್ಲಿ ಯಾವ ಪಾತ್ರವೂ ಇಲ್ಲವೆಂದು ತಿಳಿದಿವೆ. ಆ ತಿಳಿವಳಿಕೆ ಸರಿಯಲ್ಲ. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ, ಎಲ್ಲರೂ ಒಂದೇ ಪಕ್ಷಕ್ಕೆ ಸೇರಬೇಕೆಂದೂ ಬಯಸುವುದಿಲ್ಲ. ಕನ್ನಡಿಗರು ಮೂರು ಪಕ್ಷಗಳಲ್ಲಿ ಹರಡಿಕೊಂಡು ಒಬ್ಬರನ್ನೊಬ್ಬರು ಗೌರವದಿಂದ ಎದುರಿಸಿದರೆ ಅದು ನಮ್ಮ ಬಲವೇ.

ಸಂಸದರು ಈಗ ಪ್ರಧಾನಿ. ಅದರಿಂದ ಅವರ ಕ್ಷೇತ್ರ ಕಚೇರಿಯ ಕೆಲಸ ಕಡಿಮೆಯಾಗಬಾರದು, ಕಡಿಮೆಯಾಗದಂತೆ ನೋಡಿಕೊಳ್ಳಬೇಕಾದವರು ನಾವು. ಊರಿನಲ್ಲಿ ಒಬ್ಬರೇ ಉಳಿದಿರುವ ತಾಯಿಗೆ ಇಲ್ಲಿ ಬಂದು ದೀರ್ಘಕಾಲ ನಮ್ಮೊಂದಿಗಿರಲು ಬೇಕಾದ ಸೂಪರ್ ವೀಸಾ ಸಿಗುವುದು ತಡವಾದರೆ, ಪೌರತ್ವದ ಅರ್ಜಿ ಎಲ್ಲೋ ಸಿಕ್ಕಿಕೊಂಡರೆ ನಾವು ಮೊದಲು ಹೋಗುವುದು ಸಂಸದರ ಕಚೇರಿಗೆ. ‘ಅಲ್ಲಿ ಈಗ ನಮ್ಮವರಿಲ್ಲ’ ಎಂದು ಸುಮ್ಮನಾಗಬೇಡಿ. ಆ ಕಚೇರಿ ಇರುವುದು ಮತ ಹಾಕಿದವರಿಗೂ ಹಾಕದವರಿಗೂ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಇಲಾಖೆಗಳ ವೆಚ್ಚ ಕಡಿತಕ್ಕೆ ಸೂಚನೆ ಕೊಟ್ಟಿದೆ, ನಮ್ಮ ಕ್ಷೇತ್ರದಲ್ಲಿ ಆ ಇಲಾಖೆಗಳ ಸಂಬಳದ ಮೇಲೆ ನಿಂತ ಮನೆಗಳು ಬೀದಿಬೀದಿಗೂ ಇವೆ, ಅವುಗಳಲ್ಲಿ ಕನ್ನಡ ಮನೆಗಳೂ ಇವೆ. 2013ರ ಸೆಪ್ಟೆಂಬರ್ 18ರ ಬೆಳಿಗ್ಗೆ ಫ್ಯಾಲೋಫೀಲ್ಡ್ ನಿಲ್ದಾಣದ ಬಳಿ ಎರಡಂತಸ್ತಿನ ಬಸ್ಸು ವಿಯಾ ಸಂಸ್ಥೆಯ ಪ್ರಯಾಣಿಕ ರೈಲಿಗೆ ಡಿಕ್ಕಿ ಹೊಡೆದು ಆರು ಜನ ಸತ್ತದ್ದು ಇಲ್ಲಿ ಇದ್ದವರಾರೂ ಮರೆತಿಲ್ಲ. ಬಾರ್‌ಹೇವನ್‌ನಲ್ಲಿ ರಸ್ತೆ ಮತ್ತು ರೈಲು ಹಳಿ ಒಂದೇ ಮಟ್ಟದಲ್ಲಿ ಅಡ್ಡಹಾಯುವ ಜಾಗಗಳು ಇನ್ನೂ ಇವೆ. ರೈಲು ಸುರಕ್ಷತೆ ಕೇಂದ್ರ ಸರ್ಕಾರದ ಹೊಣೆ. ಪ್ರಧಾನಿಯೇ ಸಂಸದರಾಗಿರುವಾಗ ಈ ಪ್ರಶ್ನೆ ಕೇಳದಿದ್ದರೆ ಮತ್ತಾವಾಗ ಕೇಳುವುದು?

ಕೊನೆಯದಾಗಿ ಹಿರಿಯರಿಗೆ ಒಂದು ವಿನಂತಿ. 1947ರವರೆಗೂ ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ್ದ ದಕ್ಷಿಣ ಏಷ್ಯಾದವರಿಗೆ ಪ್ರಾಂತೀಯ ಮತವೂ ಇರಲಿಲ್ಲ, ಅದರಿಂದಾಗಿ ಕೇಂದ್ರದ ಮತವೂ ಇರಲಿಲ್ಲ. ಅವರು ನಾಲ್ಕು ದಶಕ ಹೋರಾಡಿ ಮರಳಿ ಪಡೆದ ಹಕ್ಕನ್ನು ನಾವು ಈ ದೇಶಕ್ಕೆ ಬಂದು ಕೆಲವೇ ವರ್ಷಗಳಲ್ಲಿ, ಅರ್ಜಿ ತುಂಬಿ ಪ್ರಮಾಣವಚನ ಓದಿ ಪಡೆದುಕೊಂಡಿದ್ದೇವೆ. 2025ರ ಏಪ್ರಿಲ್‌ನಲ್ಲಿ ಬೇಸರದಿಂದ ಮತ ಹಾಕದೆ ಉಳಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅವರೊಂದಿಗೆ ಮಾತನಾಡಿ.

ಕ್ಷೇತ್ರದ ಮೂರೂ ಪ್ರಮುಖ ಪಕ್ಷಗಳ ಸ್ಥಳೀಯ ಸಂಘಗಳಿಗೆ ನಾನು ಒಂದೇ ಪ್ರಶ್ನೆಯನ್ನು ಲಿಖಿತವಾಗಿ ಕಳುಹಿಸುತ್ತಿದ್ದೇನೆ: ಆಯ್ಕೆಯಾದ ಅಭ್ಯರ್ಥಿಯನ್ನು ಕೇಂದ್ರ ಕಚೇರಿ ಕೈಬಿಟ್ಟರೆ ಸ್ಥಳೀಯ ಸದಸ್ಯರಿಗೆ ಕಾರಣ ತಿಳಿಸಬೇಕೆಂಬ ನಿಯಮವನ್ನು ನಿಮ್ಮ ಮುಂದಿನ ಅಧಿವೇಶನದಲ್ಲಿ ಮಂಡಿಸುವಿರಾ? ಆ ಪತ್ರಕ್ಕೆ ನಿಮ್ಮ ಸಹಿ ಸೇರಲಿ ಎಂದು ಕೋರುತ್ತೇನೆ. ಕನ್ನಡದಲ್ಲಿ ಸಹಿ ಹಾಕಿದರೂ ಅದು ಸಹಿಯೇ. ಬರುವ ಉತ್ತರಗಳನ್ನು, ಉತ್ತರ ಬಾರದಿದ್ದರೆ ಆ ಸಂಗತಿಯನ್ನು, ಕನ್ನಡದಲ್ಲಿ ಬರೆದು ನಿಮ್ಮೆಲ್ಲರಿಗೂ ತಲುಪಿಸುವ ಹೊಣೆ ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ನೇಪಿಯನ್ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ
ಬಾರ್‌ಹೇವನ್, ಒಟ್ಟಾವಾ